ಶೆಡ್ಡಿನಲ್ಲಿ ನಿಂತಿದ್ದ ಗಾಡಿ

ಚಳಿಗಾಲ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಮಂಗಳವಾರ ಬೆಳಗಿನ ಹತ್ತು ಗಂಟೆಯ ಹೊತ್ತು. ಠಾಣೆ ಗುಡಿಸಿದ ಧೂಳು ಇನ್ನೂ ಗಾಳಿಯಲ್ಲಿತ್ತು. ವಯಸ್ಸಾದ ಹೆಂಗಸೊಬ್ಬರು ಇನ್‌ಸ್ಪೆಕ್ಟರ ಮೇಜಿನ ಮುಂದೆ ಬಂದು ನಿಂತರು.

"ನಮ್ಮನೆಯವರ ಗಾಡಿ ಕಳುವಾಗಿದೆ."

"ಕೂತ್ಕೊಳ್ಳಿ ಅಮ್ಮ. ಯಾವ ಗಾಡಿ?"

"ಮೋಟಾರ್‌ಸೈಕಲ್ಲು. ಅವರ ಕಾಲಲ್ಲಿ ಕಿಕ್ ಹೊಡೆಯೋಕೆ ಆಗದೆ ಹೋದಾಗ ಅವರೇ ಶೆಡ್ಡಿನಲ್ಲಿ ನಿಲ್ಲಿಸಿದ್ದು. ಆಮೇಲೆ ಅವರೂ ಹೋದರು. ಗಾಡಿ ಹತ್ತು ವರ್ಷದಿಂದ ಹಾಗೇ ಇತ್ತು."

ಪಕ್ಕದಲ್ಲಿದ್ದ ಪೇದೆಯನ್ನು ಠಾಣೆಯವರೆಲ್ಲ ಗೊಣಗಪ್ಪ ಅಂತಲೇ ಕರೆಯುತ್ತಿದ್ದರು. "ಗುಜರಿಯವನು ಒಯ್ದಿರ್ತಾನೆ ಸಾರ್," ಎಂದು ಗೊಣಗಿದ.

"ಗುಜರಿಗೆ ಹಾಕೋದಾಗಿದ್ದರೆ ನಾನೇ ಹಾಕ್ತಿದ್ದೆ ಕಣಪ್ಪ," ಎಂದರು ಆಕೆ. "ಅವರ ಕೈ ಮುಟ್ಟಿದ್ದು ಅಂತ ನನಗೆ ಉಳಿದಿರೋದು ಅದೊಂದೇ."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಮನೆಯ ಹಿಂದೆ ತಗಡಿನ ಶೆಡ್ಡು. ಬಾಗಿಲು ತೆರೆದದ್ದೇ ತಡ, ಹಳೆಯ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅಪ್ಪನ ಗಾಡಿಯ ಟ್ಯಾಂಕಿನ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದುದು ಇನ್‌ಸ್ಪೆಕ್ಟರಿಗೆ ನೆನಪಾಯಿತು. ದಾರಿಯುದ್ದಕ್ಕೂ ಅಪ್ಪನ ಗಲ್ಲ ನೆತ್ತಿಗೆ ತಾಗುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟು ಪಂಚನಾಮೆ ಹೇಳಿ ಬರೆಸಿದರು.

ಬೀಗ ಒಡೆದಿಲ್ಲ. ಬೀಗದ ಕೈ ಚೌಕಟ್ಟಿನ ಮೇಲೆ ಇಟ್ಟಲ್ಲೇ ಇದೆ. ಬಾಗಿಲ ಕೀಲುಗಳಿಗೆ ಹೊಸದಾಗಿ ಎಣ್ಣೆ ಬಿಟ್ಟಿದೆ. ಗಾಡಿಗೆ ಹೊದಿಸಿದ್ದ ಟಾರ್ಪಾಲನ್ನು ಮಡಿಸಿಟ್ಟಿದೆ. ನೆಲದ ಧೂಳಿನಲ್ಲಿ ಗಾಳಿ ಪಂಪ್ ಊರಿದ ಗುರುತು.

"ಕದಿಯೋಕೆ ಬಂದವನು ಟಾರ್ಪಾಲ್ ಮಡಿಸ್ತಾನಾ ಸಾರ್? ನಮ್ಮನೇಲಿ ನಾನೇ ಹೊದಿಕೆ ಮಡಿಸಲ್ಲ."

"ಅದಕ್ಕೇ ನಿನಗೆ ದಿನಾ ಬೈಗುಳ. ಗಾಳಿ ತುಂಬಿ, ತಳ್ಳಿಕೊಂಡು ಹೋಗಿದ್ದಾನೆ. ಇವನು ಮಾರೋನಲ್ಲ, ಓಡಿಸೋನು." ಇನ್‌ಸ್ಪೆಕ್ಟರ್ ಆಕೆಯ ಕಡೆ ತಿರುಗಿದರು. "ಬೀಗದ ಕೈ ಇಲ್ಲಿರೋದು ಯಾರಿಗೆ ಗೊತ್ತು ಅಮ್ಮ?"

"ನನಗೆ."

"ಇನ್ಯಾರಿಗೆ?"

"ಈಗ ಈ ಮನೆಗೆ ಬರೋರು ಯಾರೂ ಇಲ್ಲ," ಎಂದರು ಆಕೆ. ಕೇಳಿದ್ದಕ್ಕೆ ಅದು ಉತ್ತರವಲ್ಲವೆಂದು ಇನ್‌ಸ್ಪೆಕ್ಟರಿಗೆ ತಿಳಿಯಿತು. ಆದರೂ ಒತ್ತಾಯ ಮಾಡಲಿಲ್ಲ.

ಅಷ್ಟು ಹಳೆಯ ಗಾಡಿಗೆ ಬಿಡಿಭಾಗ ಇಡುತ್ತಿದ್ದುದು ಊರಿಗೆಲ್ಲ ಒಂದೇ ಅಂಗಡಿ. ಬುಧವಾರ ಅಲ್ಲಿಗೆ ಹೋದರು.

"ಈ ಮಾಡೆಲ್ಲಿಗೆ ಈಚೆಗೆ ಯಾರಾದರೂ ಸಾಮಾನು ಕೇಳಿದ್ರಾ?"

"ಒಬ್ಬರು ಯಜಮಾನರು," ಎಂದ ಅಂಗಡಿಯವ. "ಪ್ಲಗ್ಗು, ಕ್ಲಚ್ ಕೇಬಲ್ಲು ಒಯ್ದರು. ಆಮೇಲೆ ದಿನಾ ಬರ್ತಾರೆ, ಸ್ಟಾರ್ಟ್ ಆಗ್ತಿಲ್ಲ ಅಂತಾರೆ. ಕಿವಿ ಮಂದ ಸಾರ್. ನಾನು ಕೂಗಿ ಕೂಗಿ, ಪ್ಲಗ್ಗಿನ ಬೆಲೆ ಬೀದಿಗೆಲ್ಲ ಬಾಯಿಪಾಠವಾಗಿದೆ."

ಗುರುವಾರ ಆ ಯಜಮಾನರು ಮತ್ತೆ ಬಂದರು. ಗೊಣಗಪ್ಪ ಹಿಂದೆಯೇ ಹೋದ. ಅವರಿಗೆ ಹೆಜ್ಜೆ ಸದ್ದು ಕೇಳುವ ಹಾಗಿರಲಿಲ್ಲ. ಅವರ ಮನೆಯ ಹಿತ್ತಲ ಕೋಣೆಯಲ್ಲಿ ಗಾಡಿ ಸಿಕ್ಕಿತು. ಚಕ್ರದ ಕಡ್ಡಿಕಡ್ಡಿಯೂ ಉಜ್ಜಿ ಫಳಫಳ ಅನ್ನುವಂತಿತ್ತು. ಅದರ ಮುಂದೆ ಅವರು ಕುಕ್ಕರುಗಾಲಲ್ಲಿ ಕೂತಿದ್ದರು. ಮೊಣಕೈವರೆಗೂ ಮಸಿ.

ಇನ್‌ಸ್ಪೆಕ್ಟರ್ ಪಂಚರೊಂದಿಗೆ ಬಂದು, ಅವರ ಬಲಗಿವಿಯ ಹತ್ತಿರ ಬಾಗಿ ಕೇಳಿದರು. "ಗಾಡಿ ಯಾರದು?"

"ನಮ್ಮಣ್ಣನದು."

"ತಂದವರು?"

"ನಾನೇ."

"ಕೇಳಿ ತರಬೇಕಿತ್ತು."

"ಆ ಹೊಸ್ತಿಲು ತುಳಿಯೋ ಹಾಗಿಲ್ಲ ಸ್ವಾಮಿ. ಒಂದು ದಿನ ಈ ಗಾಡಿ ನಾನು ಓಡಿಸ್ತಿದ್ದೆ, ಅಣ್ಣ ಹಿಂದೆ ಕೂತಿದ್ದ. ಬಿದ್ದೆವು. ನನಗೆ ತರಚಲೂ ಇಲ್ಲ, ಅವನ ಕಾಲು ಹೋಯಿತು. ಅಣ್ಣ ಒಂದು ಮಾತೂ ಆಡಲಿಲ್ಲ. ಅತ್ತಿಗೆ ಆಡಿದರು. ಇನ್ನು ಹೊಸ್ತಿಲು ತುಳೀಬೇಡ ಅಂದರು. ತುಳೀಲಿಲ್ಲ." ಮಸಿ ಕೈ ಒರೆಸಿಕೊಂಡು ಹೇಳಿದರು, "ಶೆಡ್ಡಿಗೆ ಹೊಸ್ತಿಲಿಲ್ಲ."

"ಈಗ ಯಾಕೆ ಬೇಕಾಯಿತು?"

"ಎಡಗಿವಿ ಹೋಯಿತು. ಬಲಗಿವಿಯೂ ಉಳಿಯಲ್ಲ ಅಂದಿದ್ದಾರೆ ಡಾಕ್ಟರು. ಮಗಳು ತನ್ನೂರಿಗೆ ಬಾ ಅಂತಾಳೆ. ಅಷ್ಟರೊಳಗೆ ಇದರ ಸದ್ದು ಒಂದು ಸಲ ಕೇಳಬೇಕಿತ್ತು. ಕೇಳಿ, ತಿರುಗಿ ತಂದು ನಿಲ್ಲಿಸ್ತಿದ್ದೆ. ಟ್ಯಾಂಕ್ ತೊಳೆದೆ, ಕಾರ್ಬ್ಯುರೇಟರ್ ಬಿಚ್ಚಿದೆ. ಕಿಡಿ ಬರುತ್ತೆ, ಪೆಟ್ರೋಲ್ ಬರುತ್ತೆ. ಎರಡು ಸಲ ಕೆಮ್ಮಿ ಸತ್ತುಹೋಗುತ್ತೆ."

ಸೊತ್ತು ಗುರುತಿಸಲು ಜೀಪು ಕಳಿಸಿ ಫಿರ್ಯಾದಿಯನ್ನು ಕರೆಸಿದರು. ಆಕೆ ಮೈದುನನ ಮುಖ ನೋಡಲಿಲ್ಲ. ನೇರ ಗಾಡಿಯ ಹತ್ತಿರ ಹೋಗಿ ಟ್ಯಾಂಕಿನ ತಗ್ಗಿನ ಮೇಲೆ ಬೆರಳಿಟ್ಟರು.

"ಇದೇ. ಮದುವೆಯಾದ ಹೊಸತರಲ್ಲಿ ನಾನು ಬಿಂದಿಗೆ ತಾಗಿಸಿದ್ದು." ಆಮೇಲೆ ಮೆಲ್ಲಗೆ ಕೇಳಿದರು, "ಸ್ಟಾರ್ಟ್ ಆಯಿತಾ?"

"ಇಲ್ಲ ಅಮ್ಮ."

"ಬಟ್ಟೆ ತೆಗೆದನಾ?"

"ಯಾವ ಬಟ್ಟೆ?"

"ನಿಲ್ಲಿಸೋ ದಿನ, ಇಲಿ ಸೇರಬಾರದು ಅಂತ ನಮ್ಮನೆಯವರು ಸೈಲೆನ್ಸರಿನೊಳಗೆ ದಿಂಬಿನ ಕವರ್ ತುರುಕಿದರು. ನಾನೇ ಕೊಟ್ಟಿದ್ದು. ಕೋಲಿನಲ್ಲಿ ಒಳಕ್ಕೆ ನೂಕಿದರು."

ಗೊಣಗಪ್ಪ ತಂತಿ ಬಗ್ಗಿಸಿ ಒಳಗೆ ಬಿಟ್ಟು ಎಳೆದ. ಮಸಿ ಹಿಡಿದ ನೀಲಿ ಬಟ್ಟೆ ಮುದುಡಿಕೊಂಡು ಹೊರಗೆ ಬಂತು. ಮೈದುನ ಹಣೆ ಚಚ್ಚಿಕೊಂಡರು.

"ನಾವು ಯಾವಾಗಲೂ ಸೈಲೆನ್ಸರಿನ ಬಾಯಿಗೆ ಕಟ್ತಿದ್ದೆವು. ಅಷ್ಟು ಒಳಕ್ಕೆ ಯಾಕೆ ನೂಕಿದ?"

"ಹೇಳಿಕೊಡೋಕೆ ನೀನಿರಲಿಲ್ಲ," ಎಂದರು ಆಕೆ, ನೆಲ ನೋಡುತ್ತಾ.

"ಏನಂದ್ರಿ ಅತ್ತಿಗೆ?"

ಆಕೆ ಹತ್ತಿರ ಬಂದು, ಅವರ ಬಲಗಿವಿಗೆ ಕೂಗಿಯೇ ಹೇಳಬೇಕಾಯಿತು. "ನೀನಿರಲಿಲ್ಲ ಅಂದೆ. ನಾನು ಬರಗೊಡಲಿಲ್ಲ."

ಇನ್‌ಸ್ಪೆಕ್ಟರ್ ಪೆನ್ನು ತೆಗೆದರು. "ಗಾಡಿ ಚಾಲನೆಯಲ್ಲಿದೆಯೋ ಇಲ್ಲವೋ ಪಂಚನಾಮೆಯಲ್ಲಿ ಬರೀಬೇಕು. ಕಿಕ್ ಹೊಡೀರಿ."

ಮೈದುನ ಹೊಡೆದ ಮೂರನೆಯ ಕಿಕ್ಕಿಗೆ ಕೋಣೆ ತುಂಬ ಕರಿ ಹೊಗೆ. ಆಮೇಲೆ ದಡ್ ದಡ್ ದಡ್ ಎಂದು ಸದ್ದು ಹದಕ್ಕೆ ಬಂತು. ಮೈದುನ ಟ್ಯಾಂಕಿಗೆ ಬಲಗಿವಿ ಇಟ್ಟು ಕಣ್ಣು ಮುಚ್ಚಿದರು. ಆಕೆ ಬಾಗಿಲ ಕಡೆ ನೋಡುತ್ತಿದ್ದರು, ಯಾರೋ ಈಗ ಕೆಲಸದಿಂದ ಬಂದು ಇಳಿಯುತ್ತಾರೆ ಅನ್ನುವ ಹಾಗೆ. ಇನ್‌ಸ್ಪೆಕ್ಟರ ನೆತ್ತಿಗೆ ಮತ್ತೆ ಅಪ್ಪನ ಗಲ್ಲ ತಾಗಿದಂತಾಯಿತು. ಪಂಚರು ಸಹಿ ಹಾಕುವುದನ್ನೂ ಮರೆತು ನಿಂತಿದ್ದರು.

ಕೇಸು ದಾಖಲಾಗಿತ್ತು, ದಸ್ತಗಿರಿ ಮಾಡದೆ ವಿಧಿಯಿರಲಿಲ್ಲ. ಸಂಜೆ ನಾಲ್ಕೂವರೆಗೆ ಮಾಡಿದರು. ಶುಕ್ರವಾರ ಕೋರ್ಟಿನಲ್ಲಿ ಜಾಮೀನಿಗೆ ಯಾರಿದ್ದಾರೆ ಎಂದಾಗ ಅತ್ತಿಗೆ ಎದ್ದು ನಿಂತರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು.

"ಫಿರ್ಯಾದಿಯೂ ನೀವೇ, ಜಾಮೀನೂ ನೀವೇನಾ?"

"ಅವನಿಗೆ ಇಲ್ಲಿ ಬೇರೆ ಯಾರಿದ್ದಾರೆ ಸ್ವಾಮಿ?"

ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ 'ಸದ್ದು ಕೇಳುವ ಆಸೆ' ಎಂದು ಬರೆದರು.

"ಹೀಗೆಲ್ಲ ಬರೀಬಹುದಾ ಸಾರ್?" ಎಂದ ಗೊಣಗಪ್ಪ.

"ಬೇರೆ ಏನಾದರೂ ಇದ್ದರೆ ಹೇಳು."

ಗೊಣಗಪ್ಪ ಠಾಣೆಯ ಮೊಹರು ತಂದು ಒತ್ತಿದ.

ಕೆಲವು ವಾರಗಳ ನಂತರ ಕೋರ್ಟಿನ ಅನುಮತಿಯಿಂದ ರಾಜಿಯಾಯಿತು, ಗಾಡಿ ಮನೆಗೆ ಬಂತು. ಮೈದುನ ಹೊಸ್ತಿಲು ದಾಟಿ ಒಳಗೆ ಬಂದು ನಾಲ್ಕು ದಿನ ಇದ್ದರು. ಭಾನುವಾರ ಮಗಳ ಊರಿಗೆ ಹೊರಟ ಹೊತ್ತಿಗೆ ಬಲಗಿವಿಯೂ ಮುಚ್ಚಿತ್ತು. ರಜೆಯಲ್ಲಿದ್ದ ಗೊಣಗಪ್ಪನೇ ಅದೇ ಗಾಡಿಯಲ್ಲಿ ಬಸ್ಸಿಗೆ ಬಿಡಲು ಬಂದ. ಹಿಂದೆ ಕೂತ ಮೈದುನ, ದಡ್ ದಡ್ ಕೈಗಾದರೂ ತಾಗಲಿ ಎಂಬಂತೆ ಎರಡೂ ಅಂಗೈಗಳನ್ನು ಸೀಟಿಗೆ ಒತ್ತಿ ಹಿಡಿದಿದ್ದರು. ಸದ್ದು ತಿರುವು ದಾಟಿ ಕರಗುವವರೆಗೂ ಅತ್ತಿಗೆ ಗೇಟಿನಲ್ಲೇ ನಿಂತಿದ್ದರು.