ಜೌಗಿನಡಿಯ ಹಳೆಯ ಹೊಳೆ

ಸಂಜೆಯ ಸಭೆಗೆ ಮುಂಚೆ ಹಳೆಯ ಹೊಳೆಯ ಮರಳು ಸಿಗಬೇಕಿತ್ತು. ಸಿಗದಿದ್ದರೆ ಪ್ರವಾಹದ ನೀರನ್ನು ಸಮುದ್ರಕ್ಕೆ ಒಯ್ಯುವ ಹೊಸ ಕಾಲುವೆ ಕೆಳಪೇಟೆಯ ನಡುವೆಯೇ ಹಾಯುತ್ತದೆ; ಅಲ್ಲಿನ ಮನೆಗಳ ಸಾಲಿನಲ್ಲಿ ಭೂಮಾಪಕಿಯ ತವರೂ ಇತ್ತು. ಆ ಮರಳಿನಿಂದ ಹೊಳೆಯ ಹಳೆಯ ಪಾತ್ರ ಜೌಗಿನಲ್ಲಿದೆ ಎಂದು ತೋರಿಸಿದರೆ ಕಾಲುವೆ ಅತ್ತ ತಿರುಗುತ್ತಿತ್ತು.

ದೋಣಿಯಲ್ಲಿ ಅವಳ ಜೊತೆ ಇಬ್ಬರಿದ್ದರು: ಮಣ್ಣು ಕೊರೆಯುವ ಕೆಲಸದ ಭಾವ, ಅಂದರೆ ಅವಳ ಅಕ್ಕನ ಗಂಡ, ಮತ್ತು ಅಂಬಿಗ.

ಒಂದು ಕಾಲಕ್ಕೆ ಹೊಳೆ ಈ ಬಯಲಿನಲ್ಲಿ ಹಾವಿನಂತೆ ಹೊರಳಿಕೊಂಡು ಸಮುದ್ರ ಸೇರುತ್ತಿತ್ತು. ಸರಕಿನ ದೋಣಿಗಳಿಗೆಂದು ಯಾರೋ ನೇರವಾದ ಕಾಲುವೆ ತೋಡಿದರು. ನೀರು ಹತ್ತಿರದ ದಾರಿ ಹಿಡಿಯಿತು. ಹಳೆಯ ಪಾತ್ರ ಹೂಳು ತುಂಬಿ ಸತ್ತಿತು. ಆಮೇಲೆ ಉಬ್ಬರದ ಉಪ್ಪುನೀರು ಒಳಗೆ ಬಂತು. ಈಗ ಕಣ್ಣು ಹಾಯಿಸಿದಷ್ಟು ದೂರ ಜೊಂಡು, ಕಪ್ಪು ಕೆಸರು, ನಿಂತಲ್ಲೇ ಒಣಗಿದ ಬೋಳು ಮರಗಳು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಆ ನೇರ ಕಾಲುವೆಯ ದಂಡೆಯ ದಿಬ್ಬದಲ್ಲಿ ಮೊದಲ ಸಲ ಕೊರೆದಾಗಲೇ ಮರಳು ಬಂತು.

"ನೋಡೇ, ನಿನ್ನ ಹೊಳೆ!" ಭಾವ ಕುಣಿದ. "ನಡಿ, ಊಟಕ್ಕೆ ಮನೆಗೆ ಹೋಗೋಣ."

ಅವಳು ಕೊರೆಯುವ ಸಲಾಕೆಯ ತುದಿಯ ಕೊಳವೆಯಲ್ಲಿ ತುಂಬಿದ್ದ ಮಣ್ಣನ್ನು ಬೆರಳಿನಿಂದ ಬಿಡಿಸಿದಳು. ಮರಳಿನ ಅಡಿಯಲ್ಲಿ ಕೊಳೆತ ಹುಲ್ಲು, ಇಟ್ಟಿಗೆಯ ಚೂರು. ಅವಳ ಮುಖ ಇಳಿಯಿತು.

"ಇದು ಕಾಲುವೆ ತೋಡಿದವರು ಎತ್ತಿ ಸುರಿದದ್ದು, ಭಾವ. ಕಾಲೂರೋಕೆ ಗಟ್ಟಿ ಜಾಗ ಅಂತ ಇಲ್ಲಿ ಕೊರೆದು ಕೆಟ್ಟೆವು."

"ಕಚೇರಿಯವರಿಗೆ ಗೊತ್ತಾಗುತ್ತಾ?"

"ಮಳೆ ಬಂದಾಗ ಗೊತ್ತಾಗುತ್ತೆ. ಇಲ್ಲಿ ತೋಡಿದರೂ ನೀರು ಇತ್ತ ಹರಿಯಲ್ಲ, ಅಮ್ಮನ ಮನೆಗೇ ನುಗ್ಗುತ್ತೆ."

ಭಾವ ಕೊಳವೆ ತೊಳೆದ.

ಜೊಂಡಿನ ಒಳಗೆ ದೋಣಿ ಕೆಸರಿಗೆ ಕೂತಿತು. ಅಂಬಿಗ ಹುಟ್ಟು ಒಳಗಿಟ್ಟ. "ಇಳಿತ ಮುಗೀತಾ ಬಂತು ಮೇಡಂ. ನೀರು ತಿರುಗಿದರೆ ಓಡೋಡಿ ಬರುತ್ತೆ. ಬೇಗ ಮುಗಿಸಿ."

ಮೂವರೂ ಹಲಗೆಗಳನ್ನು ಒಂದರ ಮುಂದೊಂದು ಹಾಸಿಕೊಂಡು ನಡೆದರು. ಅವಳು ಮತ್ತೆ ಮತ್ತೆ ಹಿಂತಿರುಗಿ ದೋಣಿಯನ್ನೇ ನೋಡುತ್ತಿದ್ದಳು. ಭಾವ ಸಲಾಕೆಯನ್ನು ತಿರುವಿ ತಿರುವಿ ಇಳಿಸಿದ. ಕೆಸರು, ಕೆಸರು, ಮತ್ತೆ ಕೆಸರು. ಒಮ್ಮೆಲೇ ಅಡಿಯಲ್ಲಿ ಕರಕರ ಸದ್ದು.

"ಹಿಡೀತು!" ಎಂದವನ ಕಾಲು ಹಲಗೆಯಿಂದ ಜಾರಿತು.

ಸೊಂಟದವರೆಗೆ ಹೂತುಹೋದ. ಒದ್ದಾಡಿದ. ಎದೆಯವರೆಗೆ ಹೂತುಹೋದ.

"ಅಲುಗಾಡಬೇಡಿ ಭಾವ!"

"ಅಲುಗಾಡ್ತಿರೋದು ನಾನಲ್ಲ ಕಣೇ, ಎದೆ!"

ಜೊಂಡಿನ ಬುಡದಲ್ಲಿ ನೀರು ತಿರುಗಿತ್ತು. ಅಂಬಿಗ ಹಗ್ಗ ಎಸೆದ. ಭಾವ ಅದನ್ನು ಕಂಕುಳಿಗೆ ಸುತ್ತಿಕೊಂಡ. ಆದರೆ ಇನ್ನೊಂದು ತುದಿ ಕಟ್ಟಲು ಹತ್ತಿರ ಮರವಿಲ್ಲ, ಬಂಡೆಯಿಲ್ಲ; ದೋಣಿ ದೂರ ಉಳಿದಿತ್ತು. ನಿಂತ ಹಲಗೆಯೇ ಮುಳುಗುತ್ತಿತ್ತು.

ನೆಲದಲ್ಲಿ ನೆಟ್ಟಗೆ ನಿಂತಿದ್ದ ಸಲಾಕೆಯೊಂದೇ ಅಲುಗುತ್ತಿರಲಿಲ್ಲ. ಅವಳು ಹಗ್ಗವನ್ನು ಅದರ ಬುಡಕ್ಕೆ ಸುತ್ತಿದಳು. ಅದು ಮುರಿದರೆ ಮರಳಿನ ಮಾದರಿ ಒಳಗೇ ಉಳಿಯುತ್ತದೆ ಎಂದು ಗೊತ್ತಿತ್ತು.

"ಎಳೀರಿ!"

ಎಳೆದರು. ಸಲಾಕೆ ನರಳಿತು, ಬಾಗಿತು, ಕಿತ್ತು ಬರಲಿಲ್ಲ. ಆಳದ ಮರಳು ಅದನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ಅಂಗುಲ ಅಂಗುಲವಾಗಿ ಭಾವ ಮೇಲೆ ಬಂದ, ಒಂದು ಚಪ್ಪಲಿಯನ್ನು ಜೌಗಿಗೆ ಬಿಟ್ಟು.

ಮೊಣಕಾಲಿನವರೆಗೆ ನೀರು. ಮೂವರೂ ಸೇರಿ ಬಾಗಿದ ಸಲಾಕೆಯನ್ನು ತಿರುವಿ ಕಿತ್ತರು. ತುದಿಯ ಕೊಳವೆಯಲ್ಲಿ ಒಂದು ಮೊಳದಷ್ಟು ದುಂಡು ಕಣದ ಮರಳು, ನಡುವೆ ಸಿಹಿನೀರಿನ ಚಿಪ್ಪುಗಳು. ಹೊಳೆ ಇಲ್ಲೇ ಹರಿದಿತ್ತು.

ಸಭೆಯಲ್ಲಿ ಹಿರಿಯ ಎಂಜಿನಿಯರ್ ಚಿಪ್ಪನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕೆಳಪೇಟೆಯ ಕೆಲಸ ಸದ್ಯಕ್ಕೆ ನಿಲ್ಲಿಸಿ. ಜೌಗಿನಲ್ಲಿ ಇನ್ನಷ್ಟು ಕೊರೆದು ನೋಡೋಣ."

ತವರಿನ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಒಳಗೆ ಪಾತ್ರೆ, ಬಟ್ಟೆ ಎಲ್ಲ ಗಂಟು ಕಟ್ಟಿ ಗೋಡೆಗೆ ಒರಗಿಸಿಟ್ಟಿದ್ದಳು.

"ಮನೆ ಉಳೀತೇನೆ?"

"ಈ ಸಲಕ್ಕೆ ಉಳೀತಮ್ಮ."

"ಅಳಿಯನ ಚಪ್ಪಲಿ ಹೋಯ್ತು ಅತ್ತೆ," ಎಂದು ಭಾವ ಹಲ್ಲು ಕಟಕಟಿಸುತ್ತ ನಕ್ಕ.

ಅಮ್ಮ ಒಂದು ಗಂಟು ಬಿಚ್ಚಿ ಅವನಿಗೆ ಒಣಬಟ್ಟೆ ಕೊಟ್ಟಳು. ಉಳಿದವನ್ನು ಹಾಗೆಯೇ ಬಿಟ್ಟಳು.