ಹಿಂದಿನ ಎರಡು ಬೋಗಿ

ಬಾಗಿಲ ಗಾಜಿನ ಈಚೆ ಚಿಸಾತೊ. ಆಚೆ, ಕಳಚಿಕೊಂಡ ಬೋಗಿಯ ಗಾಜಿನ ಹಿಂದೆ, ಕಿವಿಗೆ ಫೋನ್ ಒತ್ತಿಕೊಂಡು ಬಾಯಿ ತೆರೆದು ನಿಂತ ಕಾನಮೆ!

ನಡುವೆ ಹಳಿ ಉದ್ದವಾಗುತ್ತಲೇ ಹೋಯಿತು...

'ಅಯ್ಯೋ ದೇವರೇ! ಇವನನ್ನು ಏನು ಮಾಡಲಿ?'

ಹಿಂದಿನ ಎರಡು ಬೋಗಿ ಈ ನಿಲ್ದಾಣದಲ್ಲಿ ಬೇರೆಯಾಗಿ ಕಡಲ ಕಡೆಗೆ ಹೋಗುತ್ತವೆ. ಒಕಾಯಾಮಾದ ಪ್ಲಾಟ್‌ಫಾರ್ಮಿನಲ್ಲಿ ನಿಂತು ದಿನಾ ಅದನ್ನೇ ಕೂಗಿ ಹೇಳುವುದು ಯಾರ ಕೆಲಸ? ಇದೇ ಮಹಾಶಯನದು!

ಜನರ ನಡುವೆ ಕೂತು ಫೋನಿನಲ್ಲಿ ಮಾತಾಡಬಾರದೆಂದು ಎದ್ದು ಹಿಂದಿನ ಬೋಗಿಗೆ ಹೋಗಿದ್ದ. ಅದು ಸರಿ. ಆದರೆ ರಿಂಗ್ ಆದಾಗ ಅವಳ ಮುಖ ನೋಡಿ, ಕಣ್ಣು ತಪ್ಪಿಸಿದ್ದೇಕೆ?

ಅವನಿಗೆ ದೂರದ ಬಂದರಿನೂರಿಗೆ ವರ್ಗವಾಗಿದೆ. ಮುಂದಿನ ವಾರವೇ ಹೊರಡಬೇಕು. "ನೀನೂ ಬಾ" ಎಂಬ ಒಂದು ಮಾತಿಲ್ಲ. ಅದಕ್ಕೇ ಅವಳು ಇವತ್ತು ಅವನನ್ನು ಬೆಟ್ಟದೂರಿನ ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೊರಟಿದ್ದು. ಅಲ್ಲಿ ಅವಳ ಅಜ್ಜಿಯ ಮದುವೆಯ ಹೊದಿಕೆ ಪ್ರದರ್ಶನಕ್ಕಿದೆ. ನೀಲಿ ಬಣ್ಣದಲ್ಲಿ ಅದ್ದಿದ ಬಟ್ಟೆ, ಮೇಲೆ ಜೋಡಿ ಕೊಕ್ಕರೆ. ಇವತ್ತೇ ಕೊನೆಯ ದಿನ.

'ಅದನ್ನು ನೋಡಿಯಾದರೂ ಬಾಯಿ ಬಿಡುತ್ತಾನೆ' ಅಂದುಕೊಂಡಿದ್ದಳು.

ಫೋನ್ ಕಂಪಿಸಿತು. "ಕ್ಷಮಿಸು! ಮುಂದಿನ ಗಾಡಿಗೆ ಬರ್ತೀನಿ!"

ಅವಳು ಫೋನನ್ನು ಚೀಲಕ್ಕೆ ತುರುಕಿದಳು.

ಮ್ಯೂಸಿಯಮ್ಮಿನಲ್ಲಿ ಟಿಕೆಟ್ ಹರಿಯುವವರು ಅಜ್ಜಿಯ ಗೆಳತಿ. ಕತ್ತು ಚಾಚಿ ಬಾಗಿಲ ಕಡೆ ನೋಡಿದರು. "ಜೊತೆಗೊಬ್ರು ಬರ್ತಾರೆ ಅಂದಿದ್ಯಲ್ಲಮ್ಮ?"

"ದಾರೀಲಿ ಕಳಚ್ಕೊಂಡ್ರು."

ಗಾಜಿನ ಹಿಂದೆ ಕೊಕ್ಕರೆಗಳು ಕೊಕ್ಕಿಗೆ ಕೊಕ್ಕು ತಾಗಿಸಿ ನಿಂತಿದ್ದವು. ಅವನ್ನು ನೋಡಿದಷ್ಟೂ ಅವಳಿಗೆ ಸಿಟ್ಟು ಬಂತು. ಮುಚ್ಚುವ ಹೊತ್ತಿನ ಸಂಗೀತ ಶುರುವಾಯಿತು, ಮುಗಿಯಿತು. ಬಾಗಿಲು ಹಾಕಿದರು.

ಅವಳು ಮೆಟ್ಟಿಲಿಳಿಯುವಾಗ ಕಾನಮೆ ಏದುಸಿರು ಬಿಡುತ್ತಾ ಓಡಿ ಬಂದ.

"ಮುಚ್ಚಿದ್ರಾ...?"

"ಇಲ್ಲ, ನಿನಗೋಸ್ಕರ ರಾತ್ರಿಯೆಲ್ಲಾ ತೆಗೆದಿಟ್ಟಿರ್ತಾರೆ! ಊರಿಗೆಲ್ಲಾ ಹೇಳ್ತೀಯಲ್ಲ, ನಿನ್ನ ಕಿವಿಗೇ ಬೀಳಲ್ವಾ?"

"ನನ್ನ ದನಿ ನಾನೇ ಕೇಳಿಸ್ಕೊಳ್ಳಲ್ಲ, ಚಿಸಾತೊ. ಆಫೀಸಿನ ಫೋನು. ಹೊಸ ಊರಲ್ಲಿ ನನಗೆ ಕೊಡೋ ಮನೆ ಒಬ್ಬರದ್ದೋ ಇಬ್ಬರದ್ದೋ, ಇವತ್ತೇ ಹೇಳ್ಬೇಕಿತ್ತು."

ಅವಳು ಮೆಟ್ಟಿಲ ಮೇಲೇ ನಿಂತಳು. "ಏನಂದೆ...?"

"ಇಬ್ಬರದ್ದು ಅಂದೆ. ಅಷ್ಟು ಹೇಳೋ ಹೊತ್ತಿಗೆ ಬೋಗಿ ಕಳಚಿತ್ತು."

"ಆಫೀಸಿಗೆ ಹೇಳೋಕೆ ಬಾಯಿತ್ತು! ನನ್ನ ಕೇಳಿದ್ಯಾ?"

"ನೀನು ಇಲ್ಲ ಅಂದ್ಬಿಟ್ರೆ ಅಂತ... ಹೆದರಿಕೆ."

'ದಡ್ಡ! ಶುದ್ಧ ದಡ್ಡ!' ಅವಳ ಕಣ್ಣು ತುಂಬಿ ಬಂತು. ಕಟ್ಟಿ ತಂದಿದ್ದ ಎರಡು ಬೆಂತೋ ಊಟದ ಡಬ್ಬಿಗಳಲ್ಲಿ ಒಂದನ್ನು ಅವನ ಎದೆಗೆ ಒತ್ತಿದಳು. "ತಿನ್ನು. ತಣ್ಣಗಾಗಿದೆ. ತಿಂದು, ನೆಟ್ಟಗೆ ಕೇಳು."

ಅವನು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ. ಟೋಪಿ ಇಲ್ಲದ ತಲೆಯನ್ನು ಡ್ಯೂಟಿಯಲ್ಲಿರುವಂತೆ ಬಾಗಿಸಿದ. "ಚಿಸಾತೊ, ನನ್ನ ಜೊತೆ ಬರ್ತೀಯಾ?"

"ಬರ್ತೀನಿ. ಆದ್ರೆ ದಾರೀಲಿ ಫೋನ್ ನನ್ನ ಕೈಲಿ!"

ಅವನು ಮುಚ್ಚಿದ ಬಾಗಿಲ ಕಡೆ ನೋಡಿದ. "ಅಜ್ಜಿಯ ಹೊದಿಕೆ ಮಾತ್ರ ನೋಡೋಕಾಗ್ಲಿಲ್ಲ..."

"ನಾಳೆ ಅದನ್ನ ಅಜ್ಜಿ ಮನೆಗೆ ವಾಪಸ್ ತಂದ್ಕೊಡ್ತಾರೆ." ಅವಳು ಮುಖ ತಿರುಗಿಸಿದಳು. ಕಿವಿ ಕೆಂಪಾಗಿತ್ತು. "ನಮ್ಮ ಜೊತೆ ಕಳಿಸು ಅಂತ ಕೇಳ್ತೀನಿ. ಅದು ತುಂಬಾ ಅಗಲ ಕಾನಮೆ, ಒಬ್ಬರಿಗೆ ಹೆಚ್ಚಾಗತ್ತೆ."