ಭತ್ಯೆ ಸಾಹೇಬರ ಕುರ್ಚಿ

"ಕಳ್ಳತನ! ಸಾಹೇಬರ ಕುರ್ಚಿ ಕಳ್ಳತನ ಆಗಿದೆ!"

ಕಾವಲುಗಾರ ಒಳಗಿನಿಂದ ಕೂಗಿಕೊಂಡು ಓಡಿಬಂದ. ನಿರುದ್ಯೋಗ ಭತ್ಯೆ ಕಚೇರಿಯ ಬಾಗಿಲು ಆಗಷ್ಟೇ ತೆರೆದಿತ್ತು. ನಾವೆಲ್ಲ ಮುಂದಿನ ಹಾಲ್‌ನಲ್ಲಿ ಸಾಲುಗಟ್ಟಿ ನಿಂತಿದ್ದೆವು.

"ಕುರ್ಚಿ ಹೋಯ್ತಾ? ಹಾಗಾದ್ರೆ ಅವರೂ ನಮ್ಮ ಸಾಲಿಗೇ ಬರಲಿ," ಎಂದು ಹಿಂದಿನಿಂದ ಯಾರೋ ಅಂದರು. "ಕೊನೇಲಿ ನಿಂತ್ಕೊಳಕ್ಕೆ ಹೇಳಪ್ಪ, ನಡುವೆ ನುಗ್ಗೋ ಹಾಗಿಲ್ಲ!"

ಹಾಲ್ ತುಂಬ ನಗು. ನಗದೇ ಇದ್ದವರು ಇಬ್ಬರೇ: ಕೋಣೆಯ ಬಾಗಿಲಲ್ಲಿ ಬೆಪ್ಪಾಗಿ ನಿಂತಿದ್ದ ಸಾಹೇಬರು, ಮತ್ತು ನನ್ನ ಅತ್ತೆ.

ಅತ್ತೆ ಹೀಗೆ ಸುಮ್ಮನಾದರೆ ಎಲ್ಲೋ ಏನೋ ಅವರ ಕಣ್ಣಿಗೆ ಬಿದ್ದಿದೆ ಎಂದೇ ಅರ್ಥ. ನಮ್ಮ ಕುರ್ಚಿ ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ತಯಾರಾದ ಕುರ್ಚಿ ಅವರ ಕಣ್ಣು ದಾಟಿಯೇ ಹೊರಗೆ ಹೋಗಬೇಕು. ಎಲ್ಲರೂ ಅವರನ್ನು 'ರಿಜೆಕ್ಟ್ ಅಮ್ಮ' ಎನ್ನುತ್ತಿದ್ದರು, ಅವರಿಗೆ ಕೇಳಿಸುವ ಹಾಗೆಯೇ. ನಾನು ಅದೇ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿದ್ದೆ. ಮಾರುಕಟ್ಟೆ ಬಿತ್ತು, ಜನ ಕುರ್ಚಿ ಕೊಳ್ಳುವುದು ಬಿಟ್ಟರು, ಕಾರ್ಖಾನೆಗೆ ಬೀಗ ಬಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ? ನಮ್ಮಿಬ್ಬರಿಗೂ ಒಂದೇ ದಿನ ಒಂದೇ ಕಾಲ ಬಂತು. ಅಂದಿನಿಂದ ಮನೆಯಲ್ಲಿ ನಾನು ಮಡಿಸಿದ ಬಟ್ಟೆ, ಗುಡಿಸಿದ ಮೂಲೆ, ಎಲ್ಲ ಒಂದೊಂದಾಗಿ ರಿಜೆಕ್ಟ್ ಆಗುತ್ತಾ ಬಂದಿದೆ.

ವಾರಕ್ಕೊಮ್ಮೆ ನಾವು ಕಾರ್ಖಾನೆಯವರೆಲ್ಲ ಈ ಕಚೇರಿಗೆ ಬಂದು ಸಾಹೇಬರಿಗೆ ಮುಖ ತೋರಿಸಬೇಕು. "ಕೆಲಸ ಹುಡುಕಿದಿರಾ?" "ಹುಡುಕಿದೆ ಸರ್." "ಸಿಕ್ತಾ?" "ಇಲ್ಲ ಸರ್." ಠಪ್ ಅಂತ ಒಂದು ಮುದ್ರೆ. ಆ ಮುದ್ರೆ ಬಿದ್ದರೆ ಆ ವಾರ ಒಲೆ ಉರಿಯುತ್ತದೆ. ಕದ್ದುಮುಚ್ಚಿ ಎಲ್ಲಾದರೂ ದುಡಿದದ್ದು ಗೊತ್ತಾದರೆ ಮುದ್ರೆಯೂ ಇಲ್ಲ, ಭತ್ಯೆಯೂ ಇಲ್ಲ.

ಕಾವಲುಗಾರ ಹಾಲಿನ ನಡುವೆ ನಿಂತು ಸೊಂಟದ ಮೇಲೆ ಕೈಯಿಟ್ಟ.

"ನಿನ್ನೆ ಸಂಜೆ ಇದ್ದ ಕುರ್ಚಿ. ಚಕ್ರ ಇರೋದು, ಗರಗರ ತಿರುಗೋದು. ಬೆಳಿಗ್ಗೆ ನಾನೇ ಮೊದಲು ಕೋಣೆ ತೆಗೆದೆ. ಇಲ್ಲ! ನಿನ್ನೆ ಎಲ್ಲರೂ ಹೋದ ಮೇಲೆ ಇಲ್ಲಿ ಸುಳಿದಾಡಿದವರು ಯಾರು ಅಂತ ನಂಗೊತ್ತು, ಮನೆಗೆ ಹೊರಟಾಗ ನೋಡಿದೀನಿ."

ಅವನ ಕಣ್ಣು ನೇರವಾಗಿ ಪಾಲಿಶ್ ಅಣ್ಣನ ಮೇಲೆ ಬಿತ್ತು.

ಪಾಲಿಶ್ ಅಣ್ಣ ನಮ್ಮ ಕಾರ್ಖಾನೆಯ ಮರಕ್ಕೆ ಹೊಳಪು ಕೊಡುತ್ತಿದ್ದವನು. ಸೊಳ್ಳೆ ಕಚ್ಚಿದರೂ ಹೊಡೆಯಲು ಅನುಮಾನಿಸುವ ಮನುಷ್ಯ. ಮನೆಯಲ್ಲಿ ಹಸಿ ಬಾಣಂತಿ, ಜೊತೆಗೆ ಹೆಣ್ಣು ಮಗು. ಈ ವಾರದ ಮುದ್ರೆ ಬೀಳದಿದ್ದರೆ ಬಾಣಂತಿಗೆ ಹಾಲೂ ಇಲ್ಲ, ಔಷಧಿಯೂ ಇಲ್ಲ.

"ನಾನು... ಮಗುವಿನ ಹೆಸರೂ ಭತ್ಯೆಗೆ ಸೇರಿಸ್ತಾರಾ ಅಂತ ಕೇಳೋಕೆ ಬಂದಿದ್ದೆ," ಎಂದ ಪಾಲಿಶ್ ಅಣ್ಣ. "ಬಾಗಿಲು ಹಾಕಿತ್ತು. ಹಿಂದುಗಡೆ ಹೋಗಿ ತಟ್ಟಿದೆ. ಯಾರೂ ತೆಗೀಲಿಲ್ಲ."

"ಎಲ್ಲಿ, ಕೈ ತೋರ್ಸು."

ಪಾಪ, ಅವನು ಕೈ ತೋರಿಸುವ ಬದಲು ಮೂಸಿ ನೋಡಿಕೊಂಡ!

"ನೋಡಿದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ!" ಕಾವಲುಗಾರ ಕುಣಿದೇಬಿಟ್ಟ. "ಪಾಲಿಶ್ ವಾಸನೆ, ಸರ್! ಕುರ್ಚಿ ಕದ್ದು, ಬಣ್ಣ ಬದಲಾಯಿಸಿ ಮಾರೋ ಉಪಾಯ. ಕಳ್ಳತನವೂ ಆಯ್ತು, ಕದ್ದು ಕೆಲಸ ಮಾಡಿದ್ದೂ ಆಯ್ತು!"

"ಮಗುವಿನ ತೊಟ್ಟಿಲಿಗೆ ಹಚ್ಚಿದ್ದಣ್ಣ! ನಮ್ಮ ಮನೇದೇ ತೊಟ್ಟಿಲು!"

ಸಾಹೇಬರು ಗಂಟಲು ಸರಿಪಡಿಸಿಕೊಂಡರು. "ಹಾಗಲ್ಲ... ದೂರು ಅಂತ ಬಂದ ಮೇಲೆ... ಇವರ ಭತ್ಯೆ ಸ್ವಲ್ಪ ತಡೆಹಿಡಿಯೋಣ. ವಿಚಾರಣೆ ಮುಗಿಯೋವರೆಗೆ."

ಪಾಲಿಶ್ ಅಣ್ಣನ ಮುಖ ಸುಣ್ಣದಂತಾಯಿತು. ನಗು ನಿಂತಿತು.

"ವಿಚಾರಣೆ ಈಗಲೇ ಮುಗಿಸಿದ್ರೆ?" ಅತ್ತೆಯ ದನಿ. ಅವರು ಸಾಲು ಬಿಟ್ಟು ಮುಂದೆ ಬಂದಿದ್ದರು. "ಸಾಹೇಬ್ರೇ, ನಮಗೇನು, ಬೇಕಾದಷ್ಟು ಹೊತ್ತಿದೆ. ಕೆಲಸ ಇಲ್ಲದೋರಿಗೆ ಸಿಕ್ಕಿರೋ ಆಸ್ತಿ ಅದೊಂದೇ. ಸ್ವಲ್ಪ ನೋಡಲಾ?"

"ನೋಡಿ... ನೋಡಿ." ಸಾಹೇಬರು ಗೋಡೆಗೆ ಒರಗಿಕೊಂಡರು.

ಅತ್ತೆ ನನ್ನನ್ನು ತಿವಿದರು. "ಪಾಪ, ನಿಂತೇ ಇದ್ದಾರೆ. ಒಂದು ಕುರ್ಚಿ ಹಾಕೇ ಅವರಿಗೆ."

ಹಾಲಿನ ಗೋಡೆ ಉದ್ದಕ್ಕೂ ಇಟ್ಟಿದ್ದ ಕುರ್ಚಿಗಳಲ್ಲಿ ಒಂದನ್ನು ತಂದಿಟ್ಟೆ.

"ಬೇಡಮ್ಮ, ಬೇಡ. ನಿಂತೇ ಇರ್ತೀನಿ."

"ಅಯ್ಯೋ, ಕೂತ್ಕೊಳಿ ಸರ್."

"ಬೇಡ ಅಂದ್ನಲ್ಲ!"

ದೊಡ್ಡವರ ಸಿಟ್ಟು ಎಂದುಕೊಂಡು ನಾನು ಹಿಂದೆ ಸರಿದೆ.

ಅತ್ತೆ ಸಾಹೇಬರ ಕೋಣೆಗೆ ಹೋದರು. ನಾನೂ ಬಾಲದಂತೆ ಹಿಂದೆ. ಮೇಜು, ಮುದ್ರೆ, ಶಾಯಿ ಪ್ಯಾಡು, ಗೋಡೆಯ ಪಕ್ಕ ಕಪಾಟು. ಎಲ್ಲ ಇದ್ದಲ್ಲೇ ಇತ್ತು. ಕಿಟಕಿಗೆ ಸರಳು. ಬೀಗ ಮುರಿದಿರಲಿಲ್ಲ. ಅತ್ತೆ ನೆಲಕ್ಕೆ ಬಗ್ಗಿ ನೋಡಿದರು. ಹೊರಗೆ ಓಣಿಯಂಥ ಇಕ್ಕಟ್ಟು ದಾರಿ. ಅದರ ತುದಿಯಲ್ಲಿ ಹಳೆ ಸಾಮಾನಿನ ಕೋಣೆ, ಬರೀ ಚಿಲಕ ಹಾಕಿತ್ತು. ಅದರ ಚೌಕಟ್ಟಿನ ಮುಂದೆ ಅತ್ತೆ ಬಗ್ಗಿ, ಬೆರಳಿನಿಂದ ಏನನ್ನೋ ಒರೆಸಿ ನೋಡಿದರು.

"ಇಲ್ಲಿ ನೋಡಿದ್ರಾ?" ಎಂದು ಹಿಂದೆಯೇ ಬಂದಿದ್ದ ಕಾವಲುಗಾರನನ್ನು ಕೇಳಿದರು.

"ಅಲ್ಲಿ ಯಾಕೆ ನೋಡ್ಬೇಕು? ಕಳ್ಳ ಕದ್ದಿದ್ದನ್ನ ಕದ್ದ ಮನೇಲೇ ಇಟ್ಟು ಹೋಗ್ತಾನಾ? ಹುಡುಕೋದಾದ್ರೆ ಬೀದೀಲಿ ಹುಡುಕ್ಬೇಕು."

"ಜಾಣ," ಎಂದರು ಅತ್ತೆ.

ಅದು ಹೊಗಳಿಕೆ ಎಂದುಕೊಂಡು ಅವನು ಮೀಸೆ ತಿರುವಿದ.

ಹಾಲಿಗೆ ವಾಪಸು ಬಂದ ಅತ್ತೆ ಚಪ್ಪಾಳೆ ತಟ್ಟಿದರು. "ಎಲ್ಲರೂ ಒಂದೊಂದು ಕುರ್ಚಿ ಎತ್ಕೊಳ್ಳಿ. ಈ ಬಾಗಿಲಿಂದ ಆ ಬಾಗಿಲಿಗೆ. ಹೂಂ, ನಡೀರಿ!"

"ಯಾಕಮ್ಮಾ?"

"ನಾನು ಹೇಳ್ದೆ ಅಂತ."

ಕಾರ್ಖಾನೆಯ ಅಭ್ಯಾಸ ಎಲ್ಲಿ ಹೋಗುತ್ತದೆ? ರಿಜೆಕ್ಟ್ ಅಮ್ಮ ಹೇಳಿದ ಮೇಲೆ ಮುಗಿಯಿತು. ಬಡಗಿ ಮಾಮ, ಮೆತ್ತೆ ಹೊಲಿಯುವ ಅಕ್ಕ, ಪಾಲಿಶ್ ಅಣ್ಣ, ಎಲ್ಲರೂ ಎತ್ತಿದರು. ಎಲ್ಲರದೂ ಒಂದೇ ರೀತಿ: ಕುರ್ಚಿಯನ್ನು ತಲೆಕೆಳಗು ಮಾಡಿ, ಕೂರುವ ಜಾಗ ತಲೆಯ ಮೇಲೆ, ಕಾಲುಗಳು ಆಕಾಶಕ್ಕೆ. ಕೊಂಬಿನ ದನಗಳ ಮಂದೆ ಹೊರಟ ಹಾಗಿತ್ತು.

"ಈಗ ನೀವು," ಎಂದರು ಅತ್ತೆ ಕಾವಲುಗಾರನಿಗೆ.

ಅವನು ಕುರ್ಚಿಯ ಎರಡು ಕೈ ಹಿಡಿದು, ಎದೆಗೆ ಅವುಚಿಕೊಂಡು, ಹೊಟ್ಟೆ ಮುಂದೆ ಮಾಡಿ ಹೊರಟ. ಕುರ್ಚಿಯ ಕಾಲು ಬಾಗಿಲಿಗೆ ಢಣ್ ಎಂದು ಬಡಿಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಇವನೇನು, ಕರು ಎತ್ಕೊಂಡು ಹೋಗ್ತಿದ್ದಾನಾ?" ಎಂದ ಬಡಗಿ ಮಾಮ. "ಕೈ ಹಿಡಿದು ಎತ್ತಿದ್ರೆ ಕೀಲು ಸಡಿಲ ಆಗತ್ತೆ ಮಾರಾಯ! ನಮಗೆ ಮೊದಲ ದಿನವೇ ಬೈದು ಕಲಿಸಿದ್ರು."

ಅತ್ತೆ ತಲೆಯಾಡಿಸಿದರು. "ಸಾಕು. ಇಳಿಸಿ. ಪಾಲಿಶ್ ಅಣ್ಣ ಕಳ್ಳ ಅಲ್ಲ."

"ಹೇಗೆ?" ಕಾವಲುಗಾರ ಕೆರಳಿದ.

"ಆ ಹಳೆ ಸಾಮಾನಿನ ಕೋಣೆ ಚೌಕಟ್ಟು ನೋಡಿ. ಮೊಣಕಾಲಿನ ಎತ್ತರಕ್ಕೆ ಹೊಸ ಗೀರು ಬಿದ್ದಿದೆ. ಕೆಳಗೆ ಬಣ್ಣದ ಪುಡಿ ಇನ್ನೂ ಗುಡಿಸಿಲ್ಲ. ಕುರ್ಚಿ ಕಾಲು ಅಲ್ಲಿ ತಾಗಬೇಕು ಅಂದ್ರೆ ಹೊತ್ತವರು ಎದೆಗೆ ಅವುಚಿ ಹೊತ್ತಿರ್ಬೇಕು. ನಮ್ಮ ಕಾರ್ಖಾನೆಯವರು ನಿದ್ದೆಗಣ್ಣಲ್ಲೂ ಹಾಗೆ ಹೊರಲ್ಲ."

ಎಲ್ಲರ ಕಣ್ಣೂ ಕಾವಲುಗಾರನ ಮೇಲೆ ತಿರುಗಿತು. ಅವನ ಮೀಸೆ ಇಳಿಯಿತು.

"ಅಮ್ಮಾ! ನಾನಲ್ಲ! ನಮ್ಮಪ್ಪನಾಣೆ ನಾನಲ್ಲ!"

"ನೀವಲ್ಲ ಅಂತ ನಂಗೂ ಗೊತ್ತು. ಒಂದು ಪ್ರಶ್ನೆ. ಚಕ್ರ ಇರೋ ಕುರ್ಚಿ. ಕೋಣೆಯಿಂದ ಕೋಣೆಗೆ ಸಾಗಿಸೋಕೆ ಏನ್ ಮಾಡ್ತೀರಾ?"

"ತಳ್ತೀನಿ."

"ಯಾರಾದ್ರೂ ತಳ್ತಾರೆ. ಈ ಕುರ್ಚಿನ ಬಚ್ಚಿಟ್ಟವರು ಮಾತ್ರ ಹೊತ್ತಿದ್ದಾರೆ. ಯಾಕೆ?"

ನನಗೆ ಹೊಳೆಯಿತು. "ಅತ್ತೆ... ಉರುಳ್ತಾ ಇರ್ಲಿಲ್ಲ. ಮುರಿದಿತ್ತು!"

"ಪರವಾಗಿಲ್ಲ, ನನ್ನ ಸೊಸೆಗೂ ಬುದ್ಧಿ ಇದೆ," ಎಂದರು. ಇಷ್ಟು ವರ್ಷದಲ್ಲಿ ನಾನು ಪಾಸಾದದ್ದು ಅದೇ ಮೊದಲು. "ಮುರಿದ ಕುರ್ಚಿನ ಕಳ್ಳ ಕದಿಯಲ್ಲ. ಮುರಿದವರು ಬಚ್ಚಿಡ್ತಾರೆ. ಮುರಿದವರು ಯಾರು? ಅದನ್ನ ಅವರೇ ಬೆಳಿಗ್ಗೆಯಿಂದ ಹೇಳ್ತಾ ಇದ್ದಾರೆ, ನಾವೇ ಕೇಳಿಸ್ಕೊಂಡಿಲ್ಲ. ಕುರ್ಚಿ ಕಳ್ಕೊಂಡವನು ಮೊದಲು ಏನ್ ಕೇಳ್ತಾನೆ?"

"ಇನ್ನೊಂದು ಕುರ್ಚಿ," ಎಂದಳು ಮೆತ್ತೆ ಅಕ್ಕ.

"ಹಾಲ್ ತುಂಬ ಕುರ್ಚಿ ಇದೆ. ನನ್ನ ಸೊಸೆ ತಂದು ಮುಂದಿಟ್ಲು. ಒಬ್ಬರು ಮಾತ್ರ ಕೂರಲಿಲ್ಲ. ಕೂರೋದಕ್ಕೇ ಆಗಲ್ಲ ಅವರಿಗೆ." ಅತ್ತೆ ಮೆಲ್ಲಗೆ ತಿರುಗಿದರು. "ಸಾಹೇಬ್ರೇ, ನೀವು ಹೇಳ್ತೀರೋ, ನಾನು ಹೇಳ್ಲೋ?"

ಸಾಹೇಬರ ಕಿವಿ ಕೆಂಪಾಯಿತು. ಅವರು ಕಾವಲುಗಾರನನ್ನು ನೋಡಿದರು, ಪಾಲಿಶ್ ಅಣ್ಣನನ್ನು ನೋಡಿದರು, ಆಮೇಲೆ ಕಣ್ಣು ಮುಚ್ಚಿಕೊಂಡರು.

"ನಾನೇ."

"ಏನು ನೀವೇ?"

"ನಾನೇ ಮುರಿದೆ. ನಿನ್ನೆ ಎಲ್ಲರೂ ಹೋದ್ರು. ದಿನವಿಡೀ 'ಸಿಕ್ತಾ, ಸಿಕ್ತಾ' ಅಂತ ಕೇಳಿ ಕೇಳಿ, 'ಇಲ್ಲ, ಇಲ್ಲ' ಅಂತ ಕೇಳಿಸ್ಕೊಂಡು ಎದೆ ಭಾರ ಆಗಿತ್ತು. ಕುರ್ಚಿ ಇತ್ತು. ಯಾರೂ ಇರ್ಲಿಲ್ಲ..." ಅವರು ಅಂಗಿಯ ಅಂಚು ಎಳೆದುಕೊಂಡರು. "ಕಾಲು ಮೇಲೆತ್ತಿ ಗಿರಕಿ ಹೊಡೆದೆ."

ಸಾಲಿನ ಹಿಂದಿದ್ದವರು ಮುಂದೆ ಬಂದು ಕಿವಿ ಚಾಚಿದರು.

"ಒಂದೇ ಗಿರಕಿ?" ಎಂದರು ಅತ್ತೆ.

"ಇಲ್ಲ. ತುಂಬ ಚೆನ್ನಾಗಿತ್ತು, ಅದಕ್ಕೆ... ಇನ್ನೂ ಜೋರಾಗಿ ಹೊಡೆದೆ. ಕುರ್ಚಿ ಕಾಲು ಕಿತ್ಕೊಂಡು ಬಂತು. ಬಿದ್ದೆ. ಹಿಂದುಗಡೆ ಯಾರೋ ಬಾಗಿಲು ತಟ್ಟಿದ್ರು, ನಾನು ನೆಲದ ಮೇಲೆ ಬಿದ್ದಿದ್ದೆ, ಹೇಗೆ ತೆಗೀಲಿ? ಆಮೇಲೆ ಹೇಗೋ ಎದ್ದು ಕುರ್ಚಿನ ಹಳೆ ಸಾಮಾನಿನ ಕೋಣೇಲಿ ಬಚ್ಚಿಟ್ಟೆ. ಬೆಳಿಗ್ಗೆ ರಿಪೇರಿಗೆ ಕಳಿಸಿದೀನಿ ಅಂದ್ಬಿಡೋಣ ಅಂದ್ಕೊಂಡೆ. ಅಷ್ಟರಲ್ಲಿ ಇವನು ಕಳ್ಳತನ ಅಂತ ಊರಿಗೆಲ್ಲ ಸಾರಿಬಿಟ್ಟ. ನಿಜ ಹೇಳೋಕೆ ಬಾಯಿ ಬರ್ಲಿಲ್ಲ." ಅವರು ಪಾಲಿಶ್ ಅಣ್ಣನ ಎದುರು ಕೈ ಜೋಡಿಸಿದರು. "ನನ್ನ ಮಾನ ಉಳಿಸ್ಕೊಳಕ್ಕೆ ನಿಮ್ಮ ಮಗುವಿನ ಹಾಲು ತಡೆಯೋಕೆ ಹೋದೆ. ತಪ್ಪಾಯ್ತು."

ಪಾಲಿಶ್ ಅಣ್ಣ ಅವರನ್ನೇ ನೋಡಿದ. ಅವನ ತುಟಿ ಅದುರಿತು. ಅಳುತ್ತಾನೇನೋ ಎಂದುಕೊಂಡೆ. ಇಲ್ಲ, ನಗು ಒತ್ತಿಹಿಡಿದಿದ್ದ.

"ಗಿರಕಿ... ಸರ್?"

ಅಷ್ಟೇ. ಇಡೀ ಹಾಲ್ ನಗುವಿನಿಂದ ಸಿಡಿಯಿತು. ಕಾವಲುಗಾರ ಗೋಡೆ ಹಿಡಿದುಕೊಂಡು ನಕ್ಕ. ಕೊನೆಗೆ ಸಾಹೇಬರೂ ಸೊಂಟ ಹಿಡಿದುಕೊಂಡು ನಕ್ಕರು.

ಕುರ್ಚಿ ಹೊರಗೆ ಬಂತು, ಬಡಗಿ ಮಾಮನ ತಲೆಯ ಮೇಲೆ. ಬುಡದ ಒಂದು ಕಾಲಿನ ನಟ್ಟು ಕಿತ್ತು ಬಂದಿತ್ತು, ಅಷ್ಟೇ. ಕಾರ್ಖಾನೆಯ ಕೈಗಳೆಲ್ಲ ಒಟ್ಟಿಗೆ ಮುಂದಕ್ಕೆ ಚಾಚಿದವು. ಎಷ್ಟೋ ದಿನದ ಹಸಿವು ಆ ಕೈಗಳಿಗೆ.

"ಮುಟ್ಟಬೇಡಿ!" ಎಂದರು ಅತ್ತೆ. "ಭತ್ಯೆ ತಗೊಳೋರು ಕೆಲಸ ಮಾಡೋ ಹಾಗಿಲ್ಲ. ಕಾನೂನು. ಅಲ್ವಾ ಸಾಹೇಬ್ರೇ?"

"ಇದಕ್ಕೆ ಪರವಾಗಿಲ್ಲ..."

"ಊಹೂಂ. ನಾಳೆ ಇನ್ಯಾರೋ ದೂರು ಕೊಟ್ರೆ? ಇಲ್ಲಿ ಕೆಲಸ ಇರೋರು ನೀವೊಬ್ಬರು, ಇವನೊಬ್ಬ. ನೀವೇ ಮುರಿದಿದ್ದು, ನೀವೇ ಮಾಡಿ. ಬಾಯಲ್ಲಿ ಹೇಳ್ಕೊಡೋದು ಕೆಲಸ ಅಲ್ಲ, ಅದನ್ನ ನಾವು ಎಷ್ಟು ಬೇಕಾದ್ರೂ ಮಾಡ್ತೀವಿ."

ಕಾವಲುಗಾರ ತನ್ನ ಸೈಕಲ್ಲಿನ ಪಾನಾ ತಂದುಕೊಟ್ಟ. ಸಾಹೇಬರು ಅಂಗಿಯ ತೋಳು ಮಡಚಿ ಮಂಡಿಯೂರಿದರು. ಸುತ್ತ ಕಾರ್ಖಾನೆ ನೆರೆಯಿತು.

"ಬಲಕ್ಕೆ ತಿರುಗಿಸಿ ಸರ್, ಬಲಕ್ಕೆ!"

"ಅದು ನಿಮ್ಮ ಬಲ ಅಲ್ಲ, ನಟ್ಟಿನ ಬಲ!"

"ಮೊದಲು ವಾಷರ್ ಹಾಕಿ. ಅಯ್ಯೋ, ಇಲ್ಲಿದೆ ನೋಡಿ, ನಿಮ್ಮ ಮಂಡಿ ಕೆಳಗೆ!"

ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಈ ಜನರ ದನಿ ಇಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ. ಸಾಹೇಬರು ಎರಡು ಸಲ ಬಿಚ್ಚಿ ಮೂರನೇ ಸಲ ಹಾಕಿದರು. ಕಾಲು ಗಟ್ಟಿಯಾಗಿ ನಿಂತಿತು. ಅವರ ಮುಖದಲ್ಲಿ ಎಂಥ ಬೆಳಕು! ಪರೀಕ್ಷೆ ಪಾಸಾದ ಹುಡುಗನ ಹಾಗೆ ಸುತ್ತ ನೋಡಿದರು.

ಆಮೇಲೆ ಏಳಲು ಹೋದರು. ಆಗಲಿಲ್ಲ. ನಿನ್ನೆಯ ಏಟು ಸೊಂಟ ಹಿಡಿದುಬಿಟ್ಟಿತ್ತು.

"ಪರವಾಗಿಲ್ಲ," ಎಂದರು ಮಂಡಿಯ ಮೇಲೇ ನಿಂತು. "ಮುದ್ರೆ ಇಲ್ಲಿಗೇ ಕೊಡಿ. ಪಾಲಿಶ್ ಅಣ್ಣ, ಮೊದಲು ನೀವು ಬನ್ನಿ. ಮಗುವಿನ ಹೆಸರೂ ಸೇರಿಸೋಣ."

ಪಾಲಿಶ್ ಅಣ್ಣ ಅವರೆದುರು ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತ. ಠಪ್! ಅವನ ಹಿಂದೆ ಬಡಗಿ ಮಾಮ ಕೂತ, ಅವನ ಹಿಂದೆ ಮೆತ್ತೆ ಅಕ್ಕ, ಅತ್ತೆ, ನಾನು. ಇಡೀ ಸಾಲು ನೆಲಕ್ಕಿಳಿಯಿತು. ಕಾವಲುಗಾರನೂ ಶಾಯಿ ಪ್ಯಾಡು ಹಿಡಿದುಕೊಂಡು ಸಾಹೇಬರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

ಆ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ಎತ್ತರದ ಕಿಟಕಿಯಿಂದ ಇಣುಕಿದರಂತೆ. ಕಚೇರಿ ಪೂರ್ತಿ ಖಾಲಿ, ಒಬ್ಬೇ ಒಬ್ಬ ನಿರುದ್ಯೋಗಿ ಇಲ್ಲ. ಒಳಗಿನಿಂದ ನಗು ಮಾತ್ರ ಕೇಳಿಸುತ್ತಿತ್ತಂತೆ. ಕೆಟ್ಟ ಕಾಲ ಮುಗಿಯಿತು ಎಂದು ಅವರು ಮನೆಗೆ ಹೋಗಿ ಹೆಂಡತಿಗೆ ಹೇಳಿದರಂತೆ.